ತೀವ್ರ ಸಮೀಪದೃಷ್ಟಿ: ಕಣ್ಣೊಳಗೆ ಲೆನ್ಸ್ ಕೂರಿಸಿದ ಮೇಲಿನ ನೋಟ

ಮೈನಸ್ ಪವರ್ ಬಹಳ ಹೆಚ್ಚಿರುವವರಿಗೆ ಕನ್ನಡಕದ ಬದಲು ಕಣ್ಣಿನೊಳಗೇ ತೆಳುವಾದ ಲೆನ್ಸೊಂದನ್ನು ಕೂರಿಸುವ ಶಸ್ತ್ರಚಿಕಿತ್ಸೆಗೆ ಮೂರು ದಶಕ ತುಂಬಿದೆ. ಈ ಲೆನ್ಸ್ ಕೂರುವ ಜಾಗ ಐರಿಸ್ಸಿನ ಹಿಂದೆ, ಹುಟ್ಟಿನಿಂದ ಬಂದ ಮಸೂರದ ಮುಂದೆ. ಮಸೂರವನ್ನು ತೆಗೆಯುವುದಿಲ್ಲ, ಕಾರ್ನಿಯಾವನ್ನು ಸವೆಸುವುದಿಲ್ಲ. ಊರುಗಳಲ್ಲಿ ಇದನ್ನು ಪೊರೆ ಆಪರೇಷನ್ನಿನ ಲೆನ್ಸು ಎಂದೋ ಲೇಸರ್ ಆಪರೇಷನ್ ಎಂದೋ ತಿಳಿಯುವವರೇ ಹೆಚ್ಚು. ಎರಡೂ ಅಲ್ಲ. ಪೊರೆ ಆಪರೇಷನ್ನಿನಲ್ಲಿ ಮಬ್ಬಾದ ಮಸೂರವನ್ನು ತೆಗೆದು ಅದರ ಜಾಗದಲ್ಲಿ ಕೃತಕ ಲೆನ್ಸ್ ಇಡುತ್ತಾರೆ. ಲೇಸರ್ ಚಿಕಿತ್ಸೆಯಲ್ಲಿ ಕಣ್ಣಿನ ಮುಂಗಾಜಿನಂತಿರುವ ಕಾರ್ನಿಯಾದ ಆಕಾರವನ್ನೇ ಬದಲಿಸುತ್ತಾರೆ. ಇಲ್ಲಿ ಕಣ್ಣಿನಲ್ಲಿರುವುದೆಲ್ಲ ಹಾಗೆಯೇ ಉಳಿದು ಹೊಸದೊಂದು ಸೇರುತ್ತದೆ. ಬೇಡವೆನಿಸಿದರೆ ಹೊರತೆಗೆಯಲೂ ಬರುತ್ತದೆ.

ಆಪರೇಷನ್ನಿನ ಮಾರನೆಯ ಬೆಳಗ್ಗೆ ಅಕ್ಷರಪಟದ ಕೊನೆಯ ಸಾಲು ಓದಿಬಿಟ್ಟರೆ ಎಲ್ಲ ಮುಗಿಯಿತು ಎಂಬ ಭಾವನೆ ರೋಗಿಗಳಲ್ಲಿ ಬಲವಾಗಿದೆ, ಕೆಲವು ಆಸ್ಪತ್ರೆಗಳ ಜಾಹೀರಾತುಗಳಲ್ಲಿ ಇನ್ನೂ ಬಲವಾಗಿದೆ. ಆದರೆ ಆ ಪಟ ಅಳೆಯುವುದು ಒಳ್ಳೆಯ ಬೆಳಕಿನಲ್ಲಿ, ಬಿಳಿಯ ಮೇಲಿನ ಕಡುಕಪ್ಪು ಅಕ್ಷರ ಎಷ್ಟು ಚಿಕ್ಕದಿದ್ದರೂ ಕಾಣುತ್ತದೆ ಎಂಬುದನ್ನು ಮಾತ್ರ. ರಾತ್ರಿ ಎದುರಿಗೆ ಬರುವ ಲಾರಿಯ ಹೆಡ್‌ಲೈಟಿನ ಆಚೆ ಏನಿದೆ, ಮುಸ್ಸಂಜೆಯಲ್ಲಿ ಮಣ್ಣಿನ ಬಣ್ಣದ ದಾರಿಯಲ್ಲಿ ಮಣ್ಣಿನ ಬಣ್ಣದ ಹಂಪ್ ಎಲ್ಲಿದೆ, ಕೈಯಲ್ಲಿರುವ ನೂಲಿನ ತುದಿ ಎಲ್ಲಿದೆ ಎಂಬುದನ್ನು ಆ ಪಟ ಹೇಳುವುದಿಲ್ಲ. ನೋಟದ ಗುಣಮಟ್ಟ ಎಂದರೆ ಇವೆಲ್ಲ ಸೇರಿದ್ದು. ಲೆನ್ಸ್ ಕೂರಿಸಿಕೊಳ್ಳುವವರು ತಿಳಿಯಬೇಕಾದ ಮುಖ್ಯ ವಿಷಯವೂ ಅದೇ.

ಊರು, ಕಸುಬು, ಕಣ್ಣು

2007ರಲ್ಲಿ ರಚನೆಯಾಗಿ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ರಾಮನಗರ ಜಿಲ್ಲೆಯನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳಲು ಕಾರಣವಿದೆ. ಮರಳವಾಡಿ ಹೋಬಳಿ ಬನ್ನೇರುಘಟ್ಟ ಕಾಡಿನ ಅಂಚಿನಲ್ಲಿದೆ. ಹಾರೋಹಳ್ಳಿ, ಕೋಡಿಹಳ್ಳಿ ವಲಯಗಳ ಆನೆಗಳು ಹೊಲ ತೋಟಗಳಿಗೆ ಇಳಿಯುವುದು ಇಲ್ಲಿನ ದಿನಬಳಕೆಯ ಸುದ್ದಿ. ರಾಮನಗರದಲ್ಲಿ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ಮತ್ತು ನೂಲು ಬಿಚ್ಚುವ ಘಟಕಗಳಿವೆ. ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಗೊಂಬೆ ಕೆಲಸಗಾರರಿದ್ದಾರೆ. ಮಾಗಡಿ, ಕನಕಪುರಗಳಿಂದ ನಿತ್ಯ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಬೈಕಿನಲ್ಲಿ ಹಿಂತಿರುಗುವ ಸಾವಿರಾರು ಯುವಕ ಯುವತಿಯರಿದ್ದಾರೆ. ದೂರದ ನೋಟ, ರಾತ್ರಿಯ ನೋಟ, ಬಹು ಹತ್ತಿರದ ನೋಟ ಈ ಮೂರೂ ಒಂದೇ ಜಿಲ್ಲೆಯ ಬದುಕಿಗೆ ಬೇಕು. ಲೆನ್ಸ್ ಈ ಮೂರನ್ನೂ ಒಂದೇ ಅಳತೆಯಲ್ಲಿ ಕೊಡುವುದಿಲ್ಲ.

ಹಳ್ಳಿಗಳಲ್ಲಿ ಕಣ್ಣಿನ ವೈದ್ಯಕೀಯ ಎಂದರೆ ಬಹುಕಾಲ ಪೊರೆಯ ಶಿಬಿರವೇ ಆಗಿತ್ತು. ಡಾ. ಎಂ. ಸಿ. ಮೋದಿ ಅವರ ಸಾಮೂಹಿಕ ಶಿಬಿರಗಳು ಲಕ್ಷಾಂತರ ವೃದ್ಧರಿಗೆ ಬೆಳಕು ಕೊಟ್ಟವು. ಆ ಋಣ ದೊಡ್ಡದು. ಆದರೆ ಮೊದಲ ಬೆಂಚಿನಲ್ಲಿ ಕೂತರೂ ಬೋರ್ಡು ಕಾಣದ ಹುಡುಗಿಯನ್ನು ಗುರುತಿಸುವ ಏರ್ಪಾಡು ಬಂದದ್ದು ತಡವಾಗಿ. ಹುಟ್ಟಿನಿಂದಲೇ ಅಥವಾ ಎಳವೆಯಲ್ಲೇ ಭಾರಿ ಮೈನಸ್ ಇದ್ದು ಸಕಾಲಕ್ಕೆ ಕನ್ನಡಕ ಸಿಗದ ಮಕ್ಕಳಲ್ಲಿ ಮಿದುಳು ಸ್ಪಷ್ಟವಾಗಿ ನೋಡುವುದನ್ನು ಕಲಿಯದೆ ಕಣ್ಣು ಮಂದವಾಗಿಯೇ ಉಳಿಯುವುದುಂಟು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಎಷ್ಟೇ ಉತ್ತಮ ಲೆನ್ಸ್ ಕೂರಿಸಿದರೂ ಆ ಮಂದತೆ ಹೋಗುವುದಿಲ್ಲ. ಮನೆಬಾಗಿಲಿನಲ್ಲೇ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ರಾಜ್ಯದ ಆಶಾಕಿರಣ ಯೋಜನೆಯಂಥದ್ದು ಇದಕ್ಕಾಗಿಯೇ ಬೇಕು. ಮುಂದೆ ಲೆನ್ಸಿನಿಂದ ಸಿಗಬಹುದಾದ ನೋಟದ ಮೇಲ್ಮಿತಿ ಬಾಲ್ಯದ ಆ ಕನ್ನಡಕದಲ್ಲೇ ನಿರ್ಧಾರವಾಗಿರುತ್ತದೆ.

ಉದ್ದವಾದ ಕಣ್ಣು

ವಯಸ್ಕರ ಕಣ್ಣು ಮುಂದಿನಿಂದ ಹಿಂದಕ್ಕೆ ಸರಾಸರಿ 24 ಮಿಲಿಮೀಟರ್ ಉದ್ದ. ಒಂದು ಮಿಲಿಮೀಟರ್ ಹೆಚ್ಚಾದರೆ ಸುಮಾರು ಎರಡೂವರೆಯಿಂದ ಮೂರು ಡಯಾಪ್ಟರ್ (ಪವರಿನ ಅಳತೆಮಾನ) ಮೈನಸ್ ಬರುತ್ತದೆ. ಮೈನಸ್ 6 ದಾಟಿದರೆ ತೀವ್ರ ಸಮೀಪದೃಷ್ಟಿ ಎನ್ನುವುದು ವಾಡಿಕೆ. ಮೈನಸ್ 10 ಇರುವ ಕಣ್ಣು ಸಾಮಾನ್ಯವಾಗಿ 27 ಮಿಲಿಮೀಟರ್ ದಾಟಿರುತ್ತದೆ. ದೂರದಿಂದ ಬಂದ ಬೆಳಕು ಅಕ್ಷಿಪಟಲಕ್ಕೆ ತಲುಪುವ ಮೊದಲೇ ಒಂದೆಡೆ ಸೇರಿ ಮತ್ತೆ ಚದುರಿ ಮಸುಕಾಗುತ್ತದೆ. ಕನ್ನಡಕದ ಮೈನಸ್ ಗಾಜು ಇದನ್ನು ಹಿಂದಕ್ಕೆ ತಳ್ಳುತ್ತದೆ, ಆದರೆ ಪುಕ್ಕಟೆಯಾಗಿ ಅಲ್ಲ. ಗಾಜು ಕಣ್ಣಿನಿಂದ ಒಂದೂಕಾಲು ಸೆಂಟಿಮೀಟರಿನಷ್ಟು ದೂರ ಇರುವುದರಿಂದ ಮೈನಸ್ 10ರ ಕನ್ನಡಕದಲ್ಲಿ ಜಗತ್ತು ಹತ್ತನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಕುಗ್ಗಿ ಕಾಣುತ್ತದೆ. ಅಂಚಿನಲ್ಲಿ ನೇರ ಗೆರೆಗಳು ಬಾಗುತ್ತವೆ, ಚೌಕಟ್ಟಿನ ಆಚೆ ಎಲ್ಲ ಮಬ್ಬು. ಸೋಡಾಬುಡ್ಡಿ ಎಂದು ಶಾಲೆಯಲ್ಲಿ ಹೀಯಾಳಿಸಿಕೊಂಡವರಿಗೆ ಅವಮಾನದ ಜೊತೆ ಕುಗ್ಗಿದ ಜಗತ್ತೂ ಪಾಲಿಗೆ ಬಂದಿತ್ತು ಎಂಬುದು ಹೀಯಾಳಿಸಿದವರಿಗೆ ತಿಳಿದಿರಲಿಲ್ಲ.

ಲೆನ್ಸ್ ಕಣ್ಣಿನ ಒಳಗೇ, ಪಾಪೆಯ ಬಳಿಯೇ ಕೂತಾಗ ಈ ಕುಗ್ಗುವಿಕೆ ಬಹುತೇಕ ಇಲ್ಲವಾಗುತ್ತದೆ. ಅಕ್ಷಿಪಟಲದ ಮೇಲೆ ಬೀಳುವ ಬಿಂಬ ದೊಡ್ಡದಾಗುತ್ತದೆ. ಕನ್ನಡಕ ಹಾಕಿಯೂ ಅಕ್ಷರಪಟದಲ್ಲಿ 6/9 ಸಾಲನ್ನು ಮಾತ್ರ ಓದುತ್ತಿದ್ದವರು ಲೆನ್ಸಿನ ನಂತರ ಸಾಮಾನ್ಯ ನೋಟವೆನಿಸುವ 6/6 ಓದುವುದಕ್ಕೆ ಮುಖ್ಯ ಕಾರಣ ಇದೇ. ಶಸ್ತ್ರಚಿಕಿತ್ಸೆಗೆ ಮುಂಚಿನ ಅತ್ಯುತ್ತಮ ದೃಷ್ಟಿಗಿಂತಲೂ ಮೇಲಕ್ಕೆ ಹೋಗಬಲ್ಲ ಚಿಕಿತ್ಸೆಗಳು ಕಣ್ಣಿನ ವೈದ್ಯದಲ್ಲಿ ಹೆಚ್ಚಿಲ್ಲ. ತೀವ್ರ ಸಮೀಪದೃಷ್ಟಿಯಲ್ಲಿ ಇದು ಆ ಸಾಲಿಗೆ ಸೇರುತ್ತದೆ.

ಲೇಸರ್ ಏಕೆ ಸಾಲದು

ಕಾರ್ನಿಯಾದ ದಪ್ಪ ನಡುಭಾಗದಲ್ಲಿ ಸುಮಾರು 540 ಮೈಕ್ರಾನ್. ಲೇಸರಿನಿಂದ ಎಷ್ಟು ಸವೆಸಬೇಕು ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ: ಚಿಕಿತ್ಸೆಯ ವ್ಯಾಸದ ವರ್ಗವನ್ನು ಪವರಿನಿಂದ ಗುಣಿಸಿ ಮೂರರಿಂದ ಭಾಗಿಸುವುದು. 6 ಮಿಲಿಮೀಟರ್ ವ್ಯಾಸದಲ್ಲಿ ಮೈನಸ್ 10 ಅಳಿಸಲು 120 ಮೈಕ್ರಾನ್ ಹೋಗಬೇಕು. ಲೇಸಿಕ್ ಎಂಬ ಲೇಸರ್ ವಿಧಾನದಲ್ಲಿ ಮೇಲೆತ್ತುವ ಪದರಕ್ಕೆ ಇನ್ನೊಂದು ನೂರರಷ್ಟು. ಉಳಿದ ಭಾಗ ತೆಳುವಾದಷ್ಟೂ ಕಣ್ಣಿನ ಒಳ ಒತ್ತಡಕ್ಕೆ ಮುಂದೆ ಉಬ್ಬುವ ಅಪಾಯ ಹೆಚ್ಚು.

ಅಪಾಯದ ಮಾತು ಬಿಟ್ಟು ನೋಟದ ಮಾತಿಗೇ ಬಂದರೂ ಲೇಸರ್ ಇಲ್ಲಿ ಹಿಂದೆ ಬೀಳುತ್ತದೆ. ಸಹಜ ಕಾರ್ನಿಯಾ ನಡುವೆ ಹೆಚ್ಚು ಬಾಗಿದ್ದು ಅಂಚಿನತ್ತ ಚಪ್ಪಟೆಯಾಗುತ್ತದೆ. ಹೆಚ್ಚು ಮೈನಸ್ ಅಳಿಸಿದಾಗ ಇದು ತಲೆಕೆಳಗಾಗಿ ನಡುಭಾಗವೇ ಚಪ್ಪಟೆಯಾಗುತ್ತದೆ. ಪಾಪೆ ಕಿರಿದಾಗಿರುವ ಹಗಲಿನಲ್ಲಿ ವ್ಯತ್ಯಾಸ ತಿಳಿಯದು. ಕತ್ತಲಲ್ಲಿ ಪಾಪೆ ಅರಳಿದಾಗ ಅಂಚಿನಿಂದ ಬಂದ ಬೆಳಕು ಬೇರೆಡೆ ಸೇರಿ ದೀಪಗಳ ಸುತ್ತ ಪ್ರಭೆ ಹರಡುತ್ತದೆ. ಗೋಳೀಯ ವಿಪಥನ ಎನ್ನುವ ಈ ದೋಷಕ್ಕೆ ಕನ್ನಡಕದಲ್ಲಿ ಪರಿಹಾರವಿಲ್ಲ. ಜಪಾನಿನ ಕಿಟಾಸಾಟೊ ವಿಶ್ವವಿದ್ಯಾಲಯದ ಇಗರಾಶಿ, ಕಾಮಿಯಾ, ಶಿಮಿಝು ಅವರ ತಂಡ ತೀವ್ರ ಸಮೀಪದೃಷ್ಟಿಯ ಕಣ್ಣುಗಳಲ್ಲಿ ಲೆನ್ಸನ್ನೂ ಅಲೆಮುಖ (ವೇವ್‌ಫ್ರಂಟ್) ಅಳತೆಯ ಲೇಸಿಕ್ಕನ್ನೂ ಹೋಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಲೆನ್ಸಿನ ನಂತರ ಇಂಥ ಮೇಲ್ದರ್ಜೆಯ ದೋಷಗಳು ಕಡಿಮೆ ಬಂದವು, ತೆಳುಛಾಯೆಗಳನ್ನು ಬೇರ್ಪಡಿಸಿ ನೋಡುವ ಶಕ್ತಿ ಹೆಚ್ಚಿತು, ಲೇಸಿಕ್ ನಂತರ ಅದೇ ಶಕ್ತಿ ಇಳಿಯಿತು. ಕಾರ್ನಿಯಾದ ನರಗಳು ಹೆಚ್ಚು ಕಡಿಯದ ಕಾರಣ ಲೆನ್ಸಿನ ನಂತರ ಕಣ್ಣಿನ ಒಣಗುವಿಕೆಯೂ, ಅದರಿಂದ ದಿನವಿಡೀ ನೋಟ ಏರಿಳಿಯುವುದೂ ಕಡಿಮೆ.

ಹಾಗೆಂದು ಮೈನಸ್ 3 ಇರುವವರೆಲ್ಲ ಕಣ್ಣೊಳಗೆ ಲೆನ್ಸ್ ಹಾಕಿಸಿಕೊಳ್ಳಬೇಕಿಲ್ಲ. ಕಣ್ಣನ್ನು ತೆರೆಯುವ ಶಸ್ತ್ರಚಿಕಿತ್ಸೆ ಎಂದರೆ ತೆರೆಯುವ ಶಸ್ತ್ರಚಿಕಿತ್ಸೆಯೇ. ಪವರ್ ಸಣ್ಣದಿದ್ದು ಕಾರ್ನಿಯಾ ಗಟ್ಟಿಯಿದ್ದರೆ ಲೇಸಿಕ್ ಅಥವಾ ಸ್ಮೈಲ್ ಎಂಬ ಇನ್ನೊಂದು ಲೇಸರ್ ಚಿಕಿತ್ಸೆ, ಅಥವಾ ಸುಮ್ಮನೆ ಕನ್ನಡಕವೇ ಸರಿ.

ಲೆನ್ಸಿನ ಹಾದಿ

1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಪೊರೆ ತೆಗೆದ ಕಣ್ಣಿಗೆ ಮೊದಲ ಕೃತಕ ಲೆನ್ಸ್ ಇಟ್ಟರು. ನಾಲ್ಕೇ ವರ್ಷಕ್ಕೆ, 1953ರಲ್ಲಿ, ಇಟಲಿಯ ಸ್ಟ್ರಾಂಪೆಲ್ಲಿ ಮಸೂರ ಇರುವ ಕಣ್ಣಿಗೇ ಮೈನಸ್ ಲೆನ್ಸ್ ಹಾಕುವ ಸಾಹಸ ಮಾಡಿದರು. ಐರಿಸ್ಸಿನ ಮುಂದೆ ಕೂತ ಆ ದಪ್ಪ ಲೆನ್ಸುಗಳು ಕಾರ್ನಿಯಾದ ಒಳಪದರದ ಕೋಶಗಳನ್ನು ಕೊಂದವು, ಅನೇಕವನ್ನು ಹೊರತೆಗೆಯಬೇಕಾಯಿತು. 1986ರ ಹೊತ್ತಿಗೆ ಮಾಸ್ಕೋದ ಸ್ವ್ಯಾತೊಸ್ಲಾವ್ ಫ್ಯೊದೊರೊವ್ ಲೆನ್ಸನ್ನು ಐರಿಸ್ಸಿನ ಹಿಂದಕ್ಕೆ ಸರಿಸಿದರು. ಕೊಲ್ಯಾಜೆನ್ ಬೆರೆಸಿದ ಮೃದುವಾದ ಕೊಲಾಮರ್ ವಸ್ತುವಿನ ಲೆನ್ಸ್ 1993ರಲ್ಲಿ ಮನುಷ್ಯರ ಕಣ್ಣಿಗೆ ಬಂತು. ಐಸಿಎಲ್ ಎಂದು ಕರೆಯುವುದು ಇದನ್ನೇ. ಯುರೋಪು 1997ರಲ್ಲಿ, ಅಮೆರಿಕದ ಎಫ್‌ಡಿಎ 2005ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟವು. ಎಫ್‌ಡಿಎ ಮುಂದೆ ತಯಾರಕರು ಇಟ್ಟ ಪರೀಕ್ಷೆಯಲ್ಲಿ ಮೈನಸ್ 3ರಿಂದ 20ರವರೆಗಿನ 294 ಮಂದಿಯ 526 ಕಣ್ಣುಗಳಿದ್ದವು. ಮೊದಲೇ ಕನ್ನಡಕದಲ್ಲಿ 6/6 ಕಾಣುತ್ತಿದ್ದ ಕಣ್ಣುಗಳ ಪೈಕಿ ಮೂರು ವರ್ಷದ ನಂತರ ಕನ್ನಡಕವಿಲ್ಲದೆ ಶೇ 59.3 ಕಣ್ಣುಗಳು 6/6 ಅಥವಾ ಮೇಲೆ, ಶೇ 94.7 ಕಣ್ಣುಗಳು 6/12 ಅಥವಾ ಮೇಲೆ ಓದಿದವು. ಇಂದಿನ ಅಳತೆ ಯಂತ್ರಗಳು ಆಗಿನದಕ್ಕಿಂತ ಬಹಳ ಸುಧಾರಿಸಿವೆ.

ಹಳೆಯ ಮಾದರಿಗೆ ಒಂದು ತೊಡಕಿತ್ತು. ಕಣ್ಣಿನೊಳಗಿನ ನೀರು ಐರಿಸ್ಸಿನ ಹಿಂದಿನಿಂದ ಪಾಪೆಯ ಮೂಲಕ ಮುಂದಕ್ಕೆ ಹರಿಯಬೇಕು. ಲೆನ್ಸ್ ಆ ದಾರಿಗೆ ಅಡ್ಡವಾಗುವುದರಿಂದ ಮೊದಲೇ ಐರಿಸ್ಸಿನಲ್ಲಿ ಲೇಸರಿನಿಂದ ರಂಧ್ರ ಮಾಡಬೇಕಿತ್ತು. ನೀರು ಸರಿಯಾಗಿ ಆಡದಿದ್ದಲ್ಲಿ ಮಸೂರದ ಮುಂಭಾಗಕ್ಕೆ ಪೊರೆ ಬರುತ್ತಿತ್ತು. ಜಪಾನಿನ ಕಿಮಿಯಾ ಶಿಮಿಝು ಲೆನ್ಸಿನ ನಟ್ಟನಡುವೆಯೇ 0.36 ಮಿಲಿಮೀಟರಿನ ರಂಧ್ರ ಇಡುವ ಉಪಾಯ ತಂದರು. ಇದಕ್ಕೆ ಯುರೋಪಿನಲ್ಲಿ 2011ರಲ್ಲಿ, ಅಮೆರಿಕದಲ್ಲಿ 2022ರ ಮಾರ್ಚಿನಲ್ಲಿ ಒಪ್ಪಿಗೆ ಸಿಕ್ಕಿತು. ನೋಡುವ ದಾರಿಯ ಮಧ್ಯದಲ್ಲೇ ತೂತು ಇದ್ದರೆ ನೋಟ ಕೆಡುವುದಿಲ್ಲವೇ ಎಂಬುದು ಯಾರಿಗಾದರೂ ಬರುವ ಅನುಮಾನ. ಒಬ್ಬರದೇ ಒಂದು ಕಣ್ಣಿಗೆ ರಂಧ್ರವಿರುವ, ಇನ್ನೊಂದಕ್ಕೆ ಇಲ್ಲದ ಲೆನ್ಸ್ ಹಾಕಿ ಶಿಮಿಝು ತಂಡ 2012ರಲ್ಲಿ ಹೋಲಿಸಿತು. ಸ್ಪಷ್ಟತೆಯಲ್ಲೂ ಛಾಯಾಭೇದ ಗುರುತಿಸುವುದರಲ್ಲೂ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಭಾರತದಲ್ಲೇ ತಯಾರಾಗುವ ಲೆನ್ಸುಗಳೂ ಈಗ ಬಳಕೆಯಲ್ಲಿವೆ. ವಡೋದರದ ಕೇರ್ ಗ್ರೂಪ್‌ನ ಐಪಿಸಿಎಲ್, ಅಹಮದಾಬಾದಿನ ಬಯೋಟೆಕ್ ಸಂಸ್ಥೆಯ ಐಕ್ರಿಲ್ ಫೇಕಿಕ್ ಅವುಗಳಲ್ಲಿ ಮುಖ್ಯವಾದವು. ಇವು ಕೊಲಾಮರ್ ಅಲ್ಲ, ಅಕ್ರಿಲಿಕ್ ವರ್ಗದವು. ಬೆಲೆ ಕಡಿಮೆ. ದೀರ್ಘಕಾಲದ ಅನುಭವದಲ್ಲಿ ಕೊಲಾಮರ್ ಲೆನ್ಸಿಗೆ ಹಿರಿತನವಿದೆ ಎಂಬುದನ್ನು ಆಯ್ಕೆ ಮಾಡುವವರು ಗಮನದಲ್ಲಿಡಬೇಕು.

ರಾತ್ರಿಯ ದಾರಿ

ಲೆನ್ಸ್ ಕೂರಿಸಿಕೊಂಡವರು ಮೊದಲ ವಾರಗಳಲ್ಲಿ ಹೇಳುವ ದೂರು ಬಹುಪಾಲು ರಾತ್ರಿಯದೇ. ದೀಪದ ಸುತ್ತ ವೃತ್ತ ಕಾಣುತ್ತದೆ, ಕಿರಣಗಳು ಚಾಚುತ್ತವೆ, ಹೆಡ್‌ಲೈಟ್ ಕಣ್ಣು ಕೋರೈಸುತ್ತದೆ. ಕಾರಣ ಒಂದೇ ಅಲ್ಲ. ನಡುವಿನ ರಂಧ್ರದ ಒಳಗೋಡೆಗೆ ಓರೆಯಾಗಿ ಬಡಿದ ಬೆಳಕು ಚದುರಿ ತೆಳುವಾದ ಉಂಗುರವನ್ನೋ ಕಮಾನನ್ನೋ ಮೂಡಿಸುತ್ತದೆ. ಇದು ವಾರಗಳು ತಿಂಗಳುಗಳು ಕಳೆದಂತೆ ಬಹುತೇಕರ ಗಮನದಿಂದ ಜಾರುತ್ತದೆ. ಮಿದುಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ಎರಡನೆಯ ಕಾರಣ ಪಾಪೆ ಮತ್ತು ಲೆನ್ಸಿನ ಅಳತೆಯ ಹೊಂದಾಣಿಕೆ. ಕತ್ತಲಲ್ಲಿ ಇಪ್ಪತ್ತೈದರ ಹರೆಯದವರ ಪಾಪೆ 6ರಿಂದ 7 ಮಿಲಿಮೀಟರ್, ಕೆಲವರಲ್ಲಿ ಅದಕ್ಕೂ ಹೆಚ್ಚು ಅರಳುತ್ತದೆ. ಲೆನ್ಸಿನಲ್ಲಿ ಪವರ್ ಇರುವ ನಡುಭಾಗದ ವ್ಯಾಸ ಮಾದರಿಗೆ ತಕ್ಕಂತೆ 4.9ರಿಂದ 6.1 ಮಿಲಿಮೀಟರ್ ಅಷ್ಟೆ. ಅಂಚಿನ ಆಚೆಯಿಂದ ನುಸುಳುವ ಬೆಳಕು ಪ್ರಭೆಯಾಗುತ್ತದೆ. ಪವರ್ ಹೆಚ್ಚಿದಂತೆ ಈ ವ್ಯಾಸ ಕಿರಿದಾಗುತ್ತದೆ ಎಂಬುದು ನೋವಿನ ಸಂಗತಿ: ಲೆನ್ಸ್ ಯಾರಿಗೆ ಅತಿ ಅಗತ್ಯವೋ ಅವರಿಗೇ ರಾತ್ರಿಯ ಪ್ರಭೆಯ ಸಾಧ್ಯತೆ ಹೆಚ್ಚು. ಆದ್ದರಿಂದ ಮಂದಬೆಳಕಿನಲ್ಲಿ ಪಾಪೆ ಎಷ್ಟು ಅರಳುತ್ತದೆ ಎಂದು ಅಳೆಯದೆ ಲೆನ್ಸ್ ತೀರ್ಮಾನ ಮಾಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಭೆಗಿಂತಲೂ ಮುಖ್ಯವಾದದ್ದು ಛಾಯಾಭೇದದ ಶಕ್ತಿ. ಹಾರೋಹಳ್ಳಿಯಿಂದ ಮರಳವಾಡಿಗೆ ಕಾಡಂಚಿನಲ್ಲಿ ಬೈಕ್ ಓಡಿಸುವವನ ಮುಂದೆ ಆನೆ ನಿಂತಿದೆ ಎನ್ನಿ. ಆನೆ ಚಿಕ್ಕದಲ್ಲ, ಅಕ್ಷರಪಟದ ಮೊದಲ ಅಕ್ಷರಕ್ಕಿಂತ ಎಷ್ಟೋ ದೊಡ್ಡದು. ಆದರೂ ಕಾಣುವುದಿಲ್ಲ, ಏಕೆಂದರೆ ಬೂದುಕಪ್ಪು ಮೈ ಬೂದುಕಪ್ಪು ಕತ್ತಲಿಗೆ ಹೊಂದಿಕೊಂಡಿದೆ. ಅಲ್ಲಿ ಕೆಲಸಕ್ಕೆ ಬರುವುದು 6/6 ಅಲ್ಲ, ಒಂದು ಛಾಯೆಯಿಂದ ಇನ್ನೊಂದನ್ನು ಬೇರ್ಪಡಿಸುವ ಸಾಮರ್ಥ್ಯ. 1988ರಲ್ಲಿ ಬಂದ ಪೆಲ್ಲಿ–ರಾಬ್ಸನ್ ಪಟ ಇದನ್ನು ಅಳೆಯುತ್ತದೆ: ಅಕ್ಷರಗಳೆಲ್ಲ ಒಂದೇ ಗಾತ್ರ, ಆದರೆ ಸಾಲು ಇಳಿದಂತೆ ಬಣ್ಣ ತಿಳಿಯಾಗುತ್ತ ಬಿಳಿಯಲ್ಲಿ ಕರಗುತ್ತದೆ. ತೀವ್ರ ಸಮೀಪದೃಷ್ಟಿಯವರಲ್ಲಿ ಲೆನ್ಸಿನ ನಂತರ ಈ ಶಕ್ತಿ ಕನ್ನಡಕದಲ್ಲಿದ್ದುದಕ್ಕಿಂತ ಸಾಮಾನ್ಯವಾಗಿ ಸುಧಾರಿಸುತ್ತದೆ. ಪ್ರಭೆ ಇದ್ದರೂ ರಾತ್ರಿ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ ಎಂದು ಹಲವರು ಹೇಳುವುದರಲ್ಲಿ ವಿರೋಧಾಭಾಸವಿಲ್ಲ. ಎರಡೂ ಬೇರೆ ಬೇರೆ ಗುಣಗಳು. ಹಾಗಿದ್ದೂ ಮೊದಲ ಕೆಲವು ವಾರ ರಾತ್ರಿ ವಾಹನ ಓಡಿಸದಿರುವುದೇ ವಿವೇಕ.

ರೋಗಿಯ ಅನುಭವವನ್ನೂ ಅಳೆಯಬಹುದು. ಮ್ಯಾಕ್‌ಆಲಿಂಡೆನ್ ಮತ್ತು ಸಂಗಡಿಗರು 2010ರಲ್ಲಿ ರೂಪಿಸಿದ ಪ್ರಶ್ನಾವಳಿ ಕೋರೈಸುವಿಕೆ, ಪ್ರಭೆ, ಕಿರಣ ಚಾಚುವುದು, ಮಬ್ಬು, ಇಬ್ಬಗೆ ನೋಟ, ನೋಟದ ಏರಿಳಿತ ಮೊದಲಾದ ಹತ್ತು ಲಕ್ಷಣಗಳನ್ನು ಹಿಡಿದು ಪ್ರತಿಯೊಂದೂ ಎಷ್ಟು ಸಲ ಬರುತ್ತದೆ, ಎಷ್ಟು ತೀವ್ರ, ಎಷ್ಟು ಕಾಡುತ್ತದೆ ಎಂದು ಕೇಳುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಇಂಥದ್ದನ್ನು ಸರಳ ಕನ್ನಡದಲ್ಲಿ, ಶಸ್ತ್ರಚಿಕಿತ್ಸೆಗೆ ಮೊದಲೂ ಆಮೇಲೂ ಕೇಳಿ ಬರೆದಿಡುವ ಪದ್ಧತಿ ಎಲ್ಲೆಡೆ ಬರಬೇಕು. ಹೇಗಿದೆ ಕಣ್ಣು ಎಂದರೆ ಪರವಾಗಿಲ್ಲ ಸಾರ್ ಎನ್ನುವ ನಮ್ಮ ಸೌಜನ್ಯದಲ್ಲಿ ಎಷ್ಟೋ ತೊಂದರೆ ದಾಖಲಾಗದೆ ಉಳಿಯುತ್ತದೆ.

ಒಂದಿಷ್ಟು ಮೈಕ್ರಾನ್

ಕೂರಿಸಿದ ಲೆನ್ಸಿಗೂ ಹುಟ್ಟು ಮಸೂರಕ್ಕೂ ನಡುವೆ ಇರುವ ಅಂತರ ಸುಮಾರು 250ರಿಂದ 750 ಮೈಕ್ರಾನ್ ಇರಬೇಕು. ಅದಕ್ಕಿಂತ ತೀರಾ ಕಡಿಮೆಯಾದರೆ ಲೆನ್ಸ್ ಮಸೂರವನ್ನು ತಾಗಿ ಪೊರೆ ಬರಬಹುದು; ಹೆಚ್ಚಾದರೆ ಐರಿಸ್ ಮುಂದಕ್ಕೆ ತಳ್ಳಲ್ಪಟ್ಟು ನೀರಿನ ದಾರಿ ಕಿರಿದಾಗಿ ಒತ್ತಡ ಏರಬಹುದು. ಕೊಲಾಮರ್ ಲೆನ್ಸ್ ಬರುವುದು ನಾಲ್ಕೇ ಉದ್ದಗಳಲ್ಲಿ: 12.1, 12.6, 13.2, 13.7 ಮಿಲಿಮೀಟರ್. ಆದ್ದರಿಂದ ಕಣ್ಣಿನೊಳಗಿನ ಅಗಲವನ್ನು ಅಳೆಯುವುದೇ ಇಡೀ ಕೆಲಸದ ಹೃದಯ. ಕಾರ್ನಿಯಾಕ್ಕೂ ಮಸೂರಕ್ಕೂ ನಡುವಿನ ಮುಂಕೋಣೆಯ ಆಳ ಸಾಮಾನ್ಯವಾಗಿ 2.8ರಿಂದ 3 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಕಾರ್ನಿಯಾದ ಒಳಪದರದ ಕೋಶಗಳು ಮತ್ತೆ ಹುಟ್ಟುವುದಿಲ್ಲವಾದ್ದರಿಂದ ಅವುಗಳ ಎಣಿಕೆ ಮೊದಲೂ ಆಗಬೇಕು, ವರ್ಷಕ್ಕೊಮ್ಮೆಯೂ ಆಗಬೇಕು.

ಸಿಲಿಂಡರ್ ಪವರ್ ಇದ್ದವರಿಗೆ ಟೋರಿಕ್ ಲೆನ್ಸ್ ಹಾಕುತ್ತಾರೆ. ಅದು ನಿಗದಿತ ಕೋನದಿಂದ ಒಂದು ಡಿಗ್ರಿ ತಿರುಗಿದರೆ ಸಿಲಿಂಡರ್ ತಿದ್ದುಪಡಿಯಲ್ಲಿ ಶೇ 3ಕ್ಕೂ ಸ್ವಲ್ಪ ಹೆಚ್ಚು ನಷ್ಟ. ಮೂವತ್ತು ಡಿಗ್ರಿ ತಿರುಗಿದರೆ ಲಾಭವೆಲ್ಲ ಸೊನ್ನೆ. ಚೆನ್ನಾಗಿದ್ದ ನೋಟ ಇದ್ದಕ್ಕಿದ್ದಂತೆ ನೆರಳು ಬಿದ್ದಂತಾದರೆ, ಇಬ್ಬಗೆಯಾದರೆ ಲೆನ್ಸ್ ತಿರುಗಿರಬಹುದು. ಅದನ್ನು ಮತ್ತೆ ಸರಿಯಾದ ಕೋನಕ್ಕೆ ತಿರುಗಿಸಬಹುದು.

ಶಸ್ತ್ರಚಿಕಿತ್ಸೆ ಚಿಕ್ಕದು. ಹನಿ ಹಾಕಿ ಮರಗಟ್ಟಿಸಿ, ಸುಮಾರು 3 ಮಿಲಿಮೀಟರಿನ ಸೀಳಿನಿಂದ ಮಡಿಸಿದ ಲೆನ್ಸನ್ನು ಒಳಗೆ ಬಿಟ್ಟು ಅದರ ನಾಲ್ಕು ಮೂಲೆಗಳನ್ನು ಐರಿಸ್ಸಿನ ಹಿಂದೆ ಸೇರಿಸುತ್ತಾರೆ. ಅಂದೇ ಮನೆಗೆ. ಆಮೇಲಿನ ಕೆಲವು ವಾರಗಳ ಜೋಪಾನ ಮಾತ್ರ ಊರಿಗೆ ತಕ್ಕಂತೆ ಇರಬೇಕು. ರೇಷ್ಮೆಹುಳು ಸಾಕುವ ಮನೆಗಳಲ್ಲಿ ಸೋಂಕು ನಿವಾರಣೆಗೆ ಫಾರ್ಮಾಲಿನ್, ಬ್ಲೀಚಿಂಗ್ ಪುಡಿ ಬಳಸುತ್ತಾರೆ. ಆ ದಿನಗಳಲ್ಲಿ ಹುಳುಮನೆಯ ಕೆಲಸ ಬೇರೆಯವರು ನೋಡಿಕೊಳ್ಳಲಿ. ಹಿಪ್ಪುನೇರಳೆ ತೋಟದ ಧೂಳು, ಕೆರೆಯ ಈಜು, ಕಣ್ಣುಜ್ಜುವ ಅಭ್ಯಾಸ ಇವೆಲ್ಲಕ್ಕೂ ತಡೆ ಬೇಕು. ಒಳಸೋಂಕು ಬಹು ಅಪರೂಪ, ಆದರೆ ಬಂದರೆ ಕಣ್ಣನ್ನೇ ಕಳೆಯುವಂಥದ್ದು.

ನೂಲು, ಗೊಂಬೆ, ನಲವತ್ತರ ವಯಸ್ಸು

ದೂರದ ನೋಟದ ಸಂಭ್ರಮದಲ್ಲಿ ಮರೆತುಹೋಗುವ ವಿಷಯ ಹತ್ತಿರದ ನೋಟ. ಮೈನಸ್ 10 ಇರುವವರು ಕನ್ನಡಕ ತೆಗೆದರೆ ಹತ್ತು ಸೆಂಟಿಮೀಟರ್ ದೂರದಲ್ಲಿರುವುದು, ಕಣ್ಣಿಗೆ ಯಾವ ಶ್ರಮವೂ ಇಲ್ಲದೆ, ದೊಡ್ಡದಾಗಿ ನಿಚ್ಚಳವಾಗಿ ಕಾಣುತ್ತದೆ. ಬೇರೆಯವರಿಗೆ ಭೂತಗನ್ನಡಿ ಬೇಕಾದ ಕೆಲಸವನ್ನು ಅವರು ಬರಿಗಣ್ಣಿನಲ್ಲಿ ಮಾಡುತ್ತಾರೆ. ಬಿಸಿನೀರಿನ ಬೋಗುಣಿಯಲ್ಲಿ ಕುದಿಯುವ ಗೂಡುಗಳಿಂದ ಕೂದಲಿಗಿಂತ ತೆಳುವಾದ ಎಳೆಯ ತುದಿ ಹಿಡಿಯುವವರಿಗೆ, ಗೊಂಬೆಯ ಮುಖಕ್ಕೆ ಕಣ್ಣು ಹುಬ್ಬು ಬಿಡಿಸುವವರಿಗೆ, ಅಕ್ಕಸಾಲಿಗರಿಗೆ, ಜರಿ ಕೆಲಸದವರಿಗೆ ಇದು ಎಷ್ಟೋ ವರ್ಷ ಅನ್ನ ಕೊಟ್ಟ ಶಕ್ತಿ. ಲೆನ್ಸ್ ಕೂತ ದಿನ ಅದು ಹೋಗುತ್ತದೆ.

ಇದರ ಜೊತೆ ಇನ್ನೊಂದಿದೆ. ಭಾರಿ ಮೈನಸ್ ಕನ್ನಡಕ ಹಾಕಿಕೊಂಡು ಓದುವಾಗ, ಗಾಜು ಕಣ್ಣಿನಿಂದ ದೂರ ಇರುವ ಕಾರಣಕ್ಕೇ, ಮಸೂರ ಬಾಗಬೇಕಾದ ಪ್ರಮಾಣ ಕಡಿಮೆ. ಲೆನ್ಸಿನ ನಂತರ ಅದೇ ಪುಸ್ತಕಕ್ಕೆ ಮಸೂರ ಹೆಚ್ಚು ದುಡಿಯಬೇಕು. ಇಪ್ಪತ್ತೈದರಲ್ಲಿ ಇದು ಕೆಲವು ವಾರಗಳ ಕಣ್ಣಿನ ಆಯಾಸವಾಗಿ ಕಳೆದುಹೋಗುತ್ತದೆ. ಮೂವತ್ತೆಂಟು ನಲವತ್ತರಲ್ಲಿ ಹಾಗಲ್ಲ. ಓದುವ ಕನ್ನಡಕ ಕೂಡಲೇ ಬೇಕಾಗಬಹುದು. ಎಫ್‌ಡಿಎ 2022ರ ಒಪ್ಪಿಗೆಯಲ್ಲಿ ಈ ಲೆನ್ಸಿಗೆ ಇಟ್ಟ ವಯೋಮಿತಿ 21ರಿಂದ 45 ಆಗಿತ್ತು. ಆದರೆ ನಲವತ್ತು ಸಮೀಪಿಸಿದ, ಹತ್ತಿರದ ಕೆಲಸವೇ ಜೀವನವಾದ ಕುಶಲಕರ್ಮಿಗೆ ಲೆನ್ಸ್ ಸೂಚಿಸುವ ಮೊದಲು ವೈದ್ಯರು ಆತನ ಕೆಲಸದ ಅಂತರವನ್ನು ಟೇಪಿನಲ್ಲಿ ಅಳೆದು ನೋಡಬೇಕು. ಒಂದು ಕಣ್ಣಿನಲ್ಲಿ ಸ್ವಲ್ಪ ಮೈನಸ್ ಉಳಿಸುವ ದಾರಿಯುಂಟು. ಅದನ್ನು ಮೊದಲು ಕಾಂಟ್ಯಾಕ್ಟ್ ಲೆನ್ಸಿನಲ್ಲಿ ಕೆಲವು ದಿನ ಪ್ರಯೋಗಿಸಿ, ಒಗ್ಗಿದರೆ ಮಾತ್ರ ಮುಂದುವರಿಯಬೇಕು. ಕೆಲವರಿಗೆ ಕನ್ನಡಕವನ್ನೇ ಇಟ್ಟುಕೊಳ್ಳಿ ಎನ್ನುವುದು ಸರಿಯಾದ ವೈದ್ಯ ಸಲಹೆ.

ಎಲ್ಲಿ, ಎಷ್ಟಕ್ಕೆ

ಈ ಜಿಲ್ಲೆಯವರು ಇಂಥ ಚಿಕಿತ್ಸೆಗೆ ಹೋಗುವುದು ಬೆಂಗಳೂರಿಗೆ. 1896ರಲ್ಲಿ ಆರಂಭವಾದ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ರಾಜ್ಯದ ಕಣ್ಣಿನ ವೈದ್ಯದ ಹಿರಿಯ ಸಂಸ್ಥೆ. ಡಾ. ಕೆ. ಭುಜಂಗ ಶೆಟ್ಟಿ 1982ರಲ್ಲಿ ಸ್ಥಾಪಿಸಿದ ನಾರಾಯಣ ನೇತ್ರಾಲಯ ಕಾರ್ನಿಯಾ ಮತ್ತು ದೃಷ್ಟಿದೋಷ ತಿದ್ದುವ ಚಿಕಿತ್ಸೆಗಳ ಸಂಶೋಧನೆಗೆ ಹೆಸರಾಗಿದೆ. ಜಯನಗರದಲ್ಲಿ ಕನಕಪುರ ರಸ್ತೆಯ ಮೇಲೆಯೇ ಇರುವ ನೇತ್ರಧಾಮದ ಡಾ. ಶ್ರೀ ಗಣೇಶ್ ಮತ್ತು ಸಂಗಡಿಗರು ಟೋರಿಕ್ ಲೆನ್ಸ್, ಸ್ಮೈಲ್, ಲೇಸಿಕ್ ಮೂರನ್ನೂ ಹೋಲಿಸಿದ ಅಧ್ಯಯನವನ್ನು 2017ರಲ್ಲಿ ಪ್ರಕಟಿಸಿದ್ದಾರೆ.

ಖರ್ಚು ಲಕ್ಷದ ಲೆಕ್ಕದ್ದು. ಆರೋಗ್ಯ ವಿಮೆಯ ಮಾದರಿ ಷರತ್ತಿನಲ್ಲಿ 7.5 ಡಯಾಪ್ಟರ್‌ಗಿಂತ ಕಡಿಮೆ ದೃಷ್ಟಿದೋಷ ತಿದ್ದುವ ಚಿಕಿತ್ಸೆಯನ್ನು ಹೊರಗಿಡಲಾಗಿದೆ. ಅಂದರೆ 7.5 ಅಥವಾ ಅದಕ್ಕೂ ಮೇಲೆ ಇರುವವರು ಸೌಂದರ್ಯದ ಚಿಕಿತ್ಸೆ ಎಂಬ ಮಾತಿಗೆ ಸುಮ್ಮನಾಗದೆ ತಮ್ಮ ಪಾಲಿಸಿಯ ಷರತ್ತನ್ನು ಓದಿ, ಶಸ್ತ್ರಚಿಕಿತ್ಸೆಗೆ ಮುಂಚೆಯೇ ಲಿಖಿತ ಉತ್ತರ ಕೇಳಬೇಕು. ಸಾಲ ಮಾಡಿ ಲೆನ್ಸ್ ಹಾಕಿಸುವ ಮನೆಗಳಿಗೆ ಇದು ಸಣ್ಣ ವಿಷಯವಲ್ಲ.

ಕಣ್ಣಿನ ಹಿಂಗೋಡೆ

ಲೆನ್ಸ್ ಪವರನ್ನು ತಿದ್ದುತ್ತದೆ, ಕಣ್ಣಿನ ಉದ್ದವನ್ನು ಕುಗ್ಗಿಸುವುದಿಲ್ಲ. 28 ಮಿಲಿಮೀಟರಿನ ಕಣ್ಣು ಕನ್ನಡಕ ಹೋದ ಮೇಲೂ 28 ಮಿಲಿಮೀಟರಿನದೇ. ಅದರ ಅಕ್ಷಿಪಟಲ ಹಿಗ್ಗಿ ತೆಳುವಾಗಿದೆ. ಅಂಚಿನಲ್ಲಿ ಜಾಲರಿಯಂಥ ಸವೆತ, ರಂಧ್ರಗಳು ಇರಬಹುದು. ಅಕ್ಷಿಪಟಲ ಕಳಚುವುದು, ನಡುವಿನ ಮಚ್ಚೆಯಲ್ಲಿ ಹೊಸ ರಕ್ತನಾಳ ಬೆಳೆದು ನೆತ್ತರು ಸೋರುವುದು, ಗ್ಲಾಕೋಮಾ, ಬೇಗ ಬರುವ ಪೊರೆ ಈ ಎಲ್ಲದರ ಸಾಧ್ಯತೆ ತೀವ್ರ ಸಮೀಪದೃಷ್ಟಿಯವರಲ್ಲಿ ಜೀವನವಿಡೀ ಹೆಚ್ಚು. ಹತ್ತು ವರ್ಷದ ನಂತರ ನೋಟ ಕುಂದಿದರೆ ತಪ್ಪು ಲೆನ್ಸಿನದೇ ಆಗಿರಬೇಕೆಂದಿಲ್ಲ. ಕನ್ನಡಕ ಬಿಟ್ಟವರು ಕಣ್ಣಿನ ವೈದ್ಯರನ್ನೂ ಬಿಟ್ಟುಬಿಡುವುದು ಈ ಚಿಕಿತ್ಸೆಯ ಸುತ್ತ ಇರುವ ಅತಿ ದೊಡ್ಡ ಅಪಾಯ.

ಲೆನ್ಸ್ ಇರುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಪಾಪೆ ಅರಳಿಸುವ ಹನಿ ಹಾಕಿಸಿಕೊಂಡು ಅಕ್ಷಿಪಟಲ ತೋರಿಸಿಕೊಳ್ಳಿ; ಲೆನ್ಸಿನ ಮಾದರಿ, ಪವರ್, ಉದ್ದ ಬರೆದ ಕಾರ್ಡನ್ನು ಜೋಪಾನವಾಗಿಡಿ, ಮುಂದೆ ಪೊರೆ ತೆಗೆಯುವ ವೈದ್ಯರಿಗೆ ಅದು ಬೇಕಾಗುತ್ತದೆ. ಕಣ್ಣ ಮುಂದೆ ಮಿಂಚು ಹೊಡೆದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಿದರೆ, ಒಂದು ಬದಿಯಿಂದ ಪರದೆ ಇಳಿದಂತೆ ಕತ್ತಲಾದರೆ ಸಂತೆ, ಹಬ್ಬ, ಗೂಡಿನ ಹರಾಜು ಯಾವುದಕ್ಕೂ ಕಾಯದೆ ಅದೇ ದಿನ ಕಣ್ಣಾಸ್ಪತ್ರೆಗೆ ಹೊರಡಿ.